ಮಂಗನಿಗೊಂದು ದನಿ

ಮಕ್ಕಳ ಪುಸ್ತಕದ ಪ್ರಾಣಿಗಳಿಗೆ ಕನ್ನಡ ಕಲಿಸುವವರು ಯಾರು? ಬಹಳ ದಿನಗಳಿಂದ ನನಗೆ ಈ ಕುತೂಹಲ. ಮೊನ್ನೆ ಸೇಡಂನ ಗ್ರಂಥಾಲಯದಿಂದ ರಟ್ಟು ಹರಿದ ಕಾದಂಬರಿಯೊಂದನ್ನು ತಂದೆ. ಅದರಲ್ಲಿ ಮೃಗಾಲಯದ ಕರಡಿ ಪಕ್ಕದ ಬೋನಿನ ಮಂಗನಿಗೆ, 'ಮಿತ್ರಾ, ನೀನೇಕೆ ಖಿನ್ನನಾಗಿರುವೆ?' ಎನ್ನುತ್ತದೆ. ನಮ್ಮೂರಿನಲ್ಲಿ ಯಾರನ್ನಾದರೂ ಹಾಗೆ ಕೇಳಿದರೆ, ಆರಾಮಾಗಿದ್ದವನೂ ಗಾಬರಿಯಾಗಿ ದವಾಖಾನೆಗೆ ಓಡಿಯಾನು.

ಓದಿ ಹೇಳುತ್ತಿದ್ದದ್ದು ಅಕ್ಕನ ಮಗಳು ಶರಣಿಗೆ. ಎಂಟು ವರ್ಷದವಳು, ಪಂಚಮಿಯ ಜೋಕಾಲಿಯಿಂದ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚ ಹಿಡಿದಿದ್ದಳು.

"ಮಾಮಾ, ಈ ಕರಡಿ ಯಾವೂರದು? ನಮ್ಮ ಮಂದಿ ಹಂಗ ಮಾತಾಡ್ಸು," ಎಂದಳು.

ಕುಣಿಯುವವನಿಗೆ ಹಲಗೆಯ ಬಡಿತ ಸಿಕ್ಕಂತಾಯಿತು. ಊರಿನವರ ದನಿ ಕದಿಯುವುದೇ ನನ್ನ ವಿದ್ಯೆ. ನನ್ನದೇ ದನಿ ಯಾವುದೆಂದರೆ ಮಾತ್ರ ಹುಡುಕಬೇಕಾಗುತ್ತದೆ. ಆನೆಗೆ ದಂಡೋತಿಯ ಕಾಕಾನ ದನಿ ಕೊಟ್ಟೆ, ಕೆಮ್ಮಿನ ಸಮೇತ. ಕತ್ತೆಕಿರುಬ ತೆಲಂಗಾಣದ ಗಡಿಯ ಚಿಂಚೋಳಿ ಕಾಡಿನದೇ ಇರಬೇಕೆಂದು ಅದಕ್ಕೆ ಅರ್ಧ ತೆಲುಗು ಬೆರೆಸಿದೆ. ಕರಡಿಗೆ ಶರಣಿಯದೇ ದನಿ. ಮಂಗನ ಸರದಿ ಬಂದಾಗ ಹುಡುಗಿ ತಡೆದಳು.

"ಮಂಗ್ಯಾಗ ನಾಗವೇಣಿ ದನಿ ಹಾಕು."

ನಾಗವೇಣಿ ಹಿಂದಿನ ಗಲ್ಲಿಯವಳು, ಶರಣಿಯ ಗೆಳತಿ. ಜೋಕಾಲಿ ತೂಗಿದವಳು ಅವಳೇ, ಅದೂ ಮೈಯೆಲ್ಲ ಬಲ ಹಾಕಿ. ಹದಿನೈದು ದಿನವಾದರೂ ಈ ಕಡೆ ತಲೆ ಹಾಕಿರಲಿಲ್ಲ.

"ಆಕಿ ಸಿಟ್ಟಾಗ್ಯಾಳೇನು?" ಎಂದೆ.

"ಬಿದ್ದಾಕಿ ನಾ, ಸಿಟ್ಟು ಆಕಿಗಿ?" ಎಂದವಳು ಗೋಡೆ ಕಡೆ ಮುಖ ತಿರುಗಿಸಿದಳು. ಪುಸ್ತಕ ಅಲ್ಲಿಗೇ ನಿಂತಿತು.

ನನಗೆ ಬೇರೊಂದು ಯೋಚನೆ. ಕಾಡಿನಲ್ಲಿದ್ದಿದ್ದರೆ ಆ ಕರಡಿ ಮಂಗನ ಕಡೆ ತಿರುಗಿಯಾದರೂ ನೋಡುತ್ತಿತ್ತೇ? ಸರಳುಗಳೇ ಸ್ನೇಹ ಕೂಡಿಸಿದವೇ? ವಾಡಿ ಜಂಕ್ಷನ್ನಿನಲ್ಲಿ ರೈಲು ತಡವಾದಾಗ ನಾವೂ ಗುರುತಿಲ್ಲದವರ ಶೇಂಗಾ ತಿನ್ನುತ್ತೇವಲ್ಲ! ಆದರೆ ನಮ್ಮ ಮನೆಯ ಕಥೆಯಲ್ಲಿ ಬೋನಿನಲ್ಲಿದ್ದದ್ದು ಕರಡಿ ಒಂದೇ. ಮಂಗ ಹೊರಗಿತ್ತು, ಬರುತ್ತಿರಲಿಲ್ಲ.

ದನಿ ತರಲು ನಾಗವೇಣಿಯ ಮನೆಗೆ ಹೋದೆ. ಅವಳ ತಾಯಿ "ಬರ್ರಿ, ಕುಂದ್ರಿ" ಎಂದರು. ಮಗಳು ಕಂಬದ ಹಿಂದೆ ನಿಂತಳು. ಏನು ಕೇಳಿದರೂ ತಲೆಯಾಡಿಸುತ್ತಾಳೆ, ಬಾಯಿ ಬಿಡಳು. ನಕಲು ಮಾಡಲು ಒಂದು ಮಾತಾದರೂ ಬೇಕಲ್ಲ! ಕೊನೆಗೆ ಶರಣಿಯ ದನಿ ತೆಗೆದೆ: "ಲೇ ಮಂಗ್ಯಾ, ಬೋನಿನಾಗ ನಾ ಒಬ್ಬಾಕೀನೇ ಅದೀನಿ. ನೀ ಎಲ್ಲಿ ಹೋಗೀದಿ?"

ಮೀಸೆಯ ಕೆಳಗಿನಿಂದ ಬಂದ ಆ ದನಿಗೆ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾಗವೇಣಿ ನಗಲಿಲ್ಲ.

"ಆಕಿ ಕಾಲು ಹೋಯ್ತಂತ, ಇನ್ನ ನಡೀಲಿಕ್ಕಿ ಬರಂಗಿಲ್ಲಂತ. ಸಾಲ್ಯಾಗ ಎಲ್ಲಾರೂ ಅನ್ಲಿಕತ್ತಾರ," ಎಂದಳು. ಕಣ್ಣು ತುಂಬಿದ್ದವು.

ಜೀವನದಲ್ಲಿ ಮೊದಲ ಸಲ ಯಾರ ದನಿಯೂ ನನ್ನ ನೆರವಿಗೆ ಬರಲಿಲ್ಲ. "ಹೋಗಿಲ್ಲವ್ವಾ, ಪ್ಲಾಸ್ಟರ್ ಒಳಗ ಅದ. ಬಂದು ನೋಡು," ಎಂದೆ.

ಬಂದಳು. ಬೆರಳಿನಿಂದ ಪ್ಲಾಸ್ಟರನ್ನು ಮೆಲ್ಲಗೆ ಬಡಿದಳು.

"ನೋವಾಗ್ತದೇನು?"

"ಆಗಂಗಿಲ್ಲ. ಇನ್ನೊಂದು ಹೊಡಿ."

ಅಷ್ಟೇ ರಾಜಿ. ಮರುಗಳಿಗೆ ಪುಸ್ತಕ ಅವರಿಬ್ಬರ ತೊಡೆಯ ಮೇಲಿತ್ತು. ಕರಡಿಗೂ ಮಂಗನಿಗೂ ಅಸಲಿ ದನಿಗಳೇ ಸಿಕ್ಕವು. ಕೆಲಸ ಕಳೆದುಕೊಂಡ ನಾನು, "ನಂದು ಯಾವ ಪಾರ್ಟು?" ಎಂದು ಕೇಳಿದೆ.

"ನೀ ಬೋನಿನ ಕೀಲಿ ಹಿಡಿದಾವ, ಮಾಮಾ," ಎಂದಳು ಶರಣಿ. "ಅವಂಗ ಮಾತೇ ಇಲ್ಲ. ಸುಮ್ನ ಕುಂದ್ರು."

ಕುಳಿತೆ. ಇಷ್ಟು ಕಷ್ಟದ ಪಾತ್ರವನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಆದರೂ ಎರಡು ಅಧ್ಯಾಯ ನಿಭಾಯಿಸಿದೆ.