ಅಲಿಕುಂಞಾಕನನ್ನು ನಡೆಯಲು ಬಿಡದ ಊರು

ನಮ್ಮ ಕಡೆ ಒಬ್ಬ ರಸ್ತೆ ಬದಿಯಲ್ಲಿ ನಡೆಯುತ್ತಿದ್ದಾನೆ ಅಂದರೆ ಅದಕ್ಕೆ ಒಂದೇ ಅರ್ಥ, ಅವನಿಗೆ ಬಸ್ಸು ತಪ್ಪಿದೆ. ಹಿಂದಿನಿಂದ ಬಂದ ವಾಹನ ನಿಲ್ಲಲೇಬೇಕು. ನಿಲ್ಲಿಸದೆ ಹೋದವನ ಮನೆಯ ಮದುವೆಗೆ ಜನ ಬಂದಾರು, ಆದರೆ ಊಟ ಮುಗಿಸಿ ಕೈ ತೊಳೆಯುವಾಗ ಆ ವಿಷಯ ಎತ್ತದೆ ಹೋಗಲಾರರು.

ಈ ಕಾನೂನನ್ನು ಕಾಣಿಯೂರು-ಬೆಳ್ಳಾರೆ ದಾರಿಯಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದವರು ಸರ್ವಿಸ್ ಜೀಪು ಓಡಿಸುತ್ತಿದ್ದ ಅಲಿಕುಂಞಾಕ. ಸೀಟಿಲ್ಲದಿದ್ದರೆ ಹಿಂದೆ ನೇತಾಡಲು ಕಂಬಿ ಇತ್ತು. ದುಡ್ಡಿಲ್ಲದವನಿಗೂ ಜಾಗವಿತ್ತು. ದಾರಿಯುದ್ದಕ್ಕೂ ಅವರ ಮಾತು ನಿಲ್ಲುತ್ತಿರಲಿಲ್ಲ. ಊರಿಗೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು ಬೆಳಗ್ಗೆ ವ್ಯಾಯಾಮಕ್ಕೆಂದು ನಡೆಯುತ್ತಿದ್ದರೆ ಅವರನ್ನೂ ದಿನಾ ಹಿಡಿದು ಹತ್ತಿಸಿ ಬೆಳ್ಳಾರೆಗೆ ಮುಟ್ಟಿಸಿದರು. ಕೊನೆಗೆ ಮೇಷ್ಟ್ರು ವ್ಯಾಯಾಮವನ್ನೇ ಬಿಟ್ಟರು.

ಅಂಥವರ ಹೃದಯ ಕಳೆದ ವರ್ಷ ಸೋತಿತು. ಶ್ವಾಸಕೋಶದಲ್ಲಿ ನೀರು ತುಂಬಿ ಎರಡು ಸಲ ಪುತ್ತೂರಿನಲ್ಲಿ ಆಸ್ಪತ್ರೆ ಸೇರಿದರು. ಬದುಕಿ ಬಂದರು, ಆದರೆ ಜೀಪು ಹೋಯಿತು. ಅಂಗಳ ದಾಟಿದರೆ ಏದುಸಿರು, ಕಾಲು ಸದಾ ತಣ್ಣಗೆ, ಒಂದು ವಾಕ್ಯ ಮುಗಿಸಲು ನಡುವೆ ಎರಡು ಸ್ಟಾಪು ಬೇಕು. ಶುಕ್ರವಾರ ಮಸೀದಿಯ ಏರನ್ನು ನನ್ನ ರಿಕ್ಷಾದಲ್ಲೇ ಹತ್ತುತ್ತಿದ್ದರು. ಹೆಂಡತಿ ಐಸಮ್ಮ ಅವರನ್ನು ಉಪ್ಪಿನಕಾಯಿ ಭರಣಿಯ ಹಾಗೆ ಅಲುಗಾಡಿಸದೆ ಮೂಲೆಯಲ್ಲಿಟ್ಟು ಕಾಪಾಡಿದರು.

ಪುತ್ತೂರಿನ ಡಾಕ್ಟರಮ್ಮನಿಗೆ ಇದು ಹಿಡಿಸಲಿಲ್ಲ.

"ಕೂತದ್ದು ಸಾಕು. ನಡೀಬೇಕು," ಎಂದರು.

"ಹೃದಯವೇ ಸರಿ ಇಲ್ಲ... ನಡಿಯುದು ಹೇಗೆ ಡಾಕ್ಟ್ರೆ?"

"ಹೃದಯದ ಪಂಪು ಸೋತಾಗ ಶರೀರ ಹೆದರಿ ಕೈಕಾಲಿನ ಸಣ್ಣ ರಕ್ತನಾಳಗಳನ್ನು ಬಿಗಿ ಹಿಡೀತದೆ. ಕೂದಲಿಗಿಂತ ಸಪೂರ ಇರುವ ನಾಳಗಳೂ ಉಂಟು. ಕೂತೇ ಇದ್ರೆ ಅವು ಕಡಿಮೆ ಆಗ್ತಾ ಹೋಗ್ತವೆ. ರಕ್ತ ಸಿಗದೆ ಕಾಲು ಸೋಲ್ತದೆ. ದಿನಾ ನಡೆದ್ರೆ ಬಿಗಿ ಸಡಿಲ ಆಗ್ತದೆ, ಹೊಸ ನಾಳ ಹುಟ್ಟುದೂ ಉಂಟು. ಹೃದಯ ಇದ್ದ ಹಾಗೇ ಇದ್ರೂ ಅದರ ಕೆಲಸ ಹಗುರ ಆಗ್ತದೆ."

ಅಲಿಕುಂಞಾಕ ಅದನ್ನು ಜೀಪಿನ ಭಾಷೆಗೆ ತಿರುಗಿಸಿಕೊಂಡರು. "ಅಂದ್ರೆ ಇಂಜಿನ್ ಮಾತ್ರ ಅಲ್ಲ... ಒಳರಸ್ತೆಯೂ ಬಂದ್ ಆಗಿದೆ."

"ಹಾಗೇ ತಿಳ್ಕೊಳ್ಳಿ. ಮಾತಾಡಿಕೊಂಡು ನಡೆಯುವಷ್ಟೇ ವೇಗ ಸಾಕು. ಎದೆ ನೋವಾದ್ರೆ ನಿಲ್ಲಿ. ಮಾತ್ರೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ. ಮಳೆಗಾಲಕ್ಕೆ ಮೊದಲು, ಐಸಮ್ಮ ಹೇಳಿದ ಆ ಮಸೀದಿಯ ಏರನ್ನು ನಿಮ್ಮ ಕಾಲಲ್ಲೇ ಹತ್ತಬೇಕು. ಮೂರನೇ ಸಲ ನೀರು ತುಂಬಿಸ್ಕೊಂಡು ಬಂದ್ರೆ ನಾನು ಮಾತು ಕೊಡ್ಲಿಕ್ಕೆ ಆಗುದಿಲ್ಲ."

ಅಲಿಕುಂಞಾಕ ನಿಜವಾಗಿ ಹೆದರಿದರು. ಮರುದಿನವೇ ಉಟ್ಟ ಬಿಳಿ ಮುಂಡಿನ ಕೆಳಗೆ, ಅಳಿಯ ರಮೀಝ್ ದುಬೈಯಿಂದ ಕಳಿಸಿದ ಗಿಳಿಹಸಿರು ಶೂ ಹಾಕಿಕೊಂಡು ರಸ್ತೆಗೆ ಇಳಿದರು. ಮನೆಯ ಗೇಟು ದಾಟುವಷ್ಟರಲ್ಲಿ ಹಾಲಿನ ವ್ಯಾನು ನಿಂತಿತು.

"ಎಂತ ಅಲಿಕುಂಞಾಕ, ನಡೀತಾ ಇದ್ದೀರಿ? ಹತ್ತಿ."

"ನಾನು... ನಡೀಲಿಕ್ಕೆ..."

ವಾಕ್ಯ ಮುಗಿಯಲು ಇನ್ನೊಂದು ಉಸಿರು ಬೇಕಿತ್ತು. ಅದು ಬರುವ ಮೊದಲೇ ಬಾಗಿಲು ಹಾಕಿಯಾಗಿತ್ತು, ಗೇರೂ ಬಿದ್ದಿತ್ತು. ಬೆಳ್ಳಾರೆಯಲ್ಲಿ ಇಳಿದು ಬಸ್ಸಿನಲ್ಲಿ ವಾಪಸು ಬಂದರು. ಮರುದಿನ ಅಡಿಕೆ ಪಿಕಪ್ಪು ಅವರನ್ನು ಪುತ್ತೂರಿಗೆ ಒಯ್ದಿತು. ಅದರ ಮರುದಿನ ಸುಳ್ಯದಲ್ಲಿ, ಗುರುತಿಲ್ಲದ ಒಂದು ಗೃಹಪ್ರವೇಶದಲ್ಲಿ ಕೂತು ಪಾಯಸ ಕುಡಿಯುತ್ತಿದ್ದರು. ನಿರಾಕರಿಸಲು ಉಸಿರಿಲ್ಲ, ಉಸಿರು ಬರಬೇಕಾದರೆ ನಡೆಯಬೇಕು, ನಡೆಯಬೇಕಾದರೆ ನಿರಾಕರಿಸಬೇಕು. ಮಾಡಿದ್ದುಣ್ಣೋ ಮಹಾರಾಯ ಅಂದರೆ ಇದೇ ಇರಬೇಕು.

ಐಸಮ್ಮ ರಟ್ಟಿನ ಮೇಲೆ "ನಡೆಯುತ್ತಿದ್ದೇನೆ, ನಿಲ್ಲಿಸಬೇಡಿ" ಎಂದು ಬರೆದು ಬೆನ್ನಿಗೆ ನೇತು ಹಾಕಿದರು. ಅಕ್ಷರ ಸಣ್ಣದು. ಎಲ್ಲರೂ ನಿಲ್ಲಿಸಿ ಓದಿದರು, ಓದಿ ಪಾಪ ಎನಿಸಿ ಹತ್ತಿಸಿಕೊಂಡರು. ಆಮೇಲೆ ವಾಹನದ ಶಬ್ದ ಕೇಳಿದಾಗಲೆಲ್ಲ ಅಲಿಕುಂಞಾಕ ಗೇರುಮರದ ಹಿಂದೆ ಅಡಗತೊಡಗಿದರು. ಅದನ್ನು ಕಂಡವರು, ಜೀಪು ಹೋದ ದುಃಖಕ್ಕೆ ಇವರ ತಲೆಯೂ ಹೋಯಿತು ಎಂದು ಮರುಗಿದರು. ನಮ್ಮ ರಿಕ್ಷಾ ಸ್ಟ್ಯಾಂಡಿನಲ್ಲಿ ಮೀಟಿಂಗ್ ಆಯಿತು. ಅಲಿಕುಂಞಾಕ ಇನ್ನು ಮುಂದೆ ಒಂದು ಹೆಜ್ಜೆಯೂ ನಡೆಯುವಂತಾಗಬಾರದು ಎಂದು ಸರ್ವಾನುಮತದ ನಿರ್ಣಯ. ನಾನೂ ಕೈ ಎತ್ತಿದೆ. ನನಗೆ ಅವರ ಮೇಲೆ ಅಷ್ಟು ಪ್ರೀತಿ.

ಎಲ್ಲರಿಗಿಂತ ಕಷ್ಟದ ಗಿರಾಕಿ ಮಾತ್ರ ದುಗ್ಗಪ್ಪ ಗೌಡ್ರು. ಹಿಂದೊಮ್ಮೆ ಬಂದ್ ದಿನ ಅವರ ಹೆಂಡತಿ ಪ್ರೇಮಾವತಿಗೆ ಹೆರಿಗೆ ನೋವು ಬಂದಾಗ, ಕಲ್ಲು ಬೀಳುತ್ತಿದ್ದ ರಸ್ತೆಯಲ್ಲಿ ಜೀಪು ಓಡಿಸಿ ಪುತ್ತೂರಿಗೆ ಮುಟ್ಟಿಸಿದವರು ಅಲಿಕುಂಞಾಕ. ಕಾರು ಕೊಂಡಂದಿನಿಂದ ಗೌಡ್ರು ಅವರನ್ನು ಒಮ್ಮೆ ಕೂರಿಸಿಕೊಳ್ಳಲು ಕಾಯುತ್ತಿದ್ದರು. ಈಗ ದಿನಾ ಗೇಟಿನ ಮುಂದೆಯೇ ಕಾರು ತಂದು ನಿಲ್ಲಿಸಿ ಬಾಗಿಲು ತೆಗೆದು ಹಿಡಿಯತೊಡಗಿದರು.

ಒಂದು ದಿನ ಅಲಿಕುಂಞಾಕ ಅಂಗಳದಲ್ಲಿ ಕೂತು ಉಸಿರು ಒಟ್ಟು ಮಾಡಿಕೊಂಡು, ಗೇಟಿಗೆ ಬಂದು ಹೇಳಿಯೇ ಬಿಟ್ಟರು. "ಗೌಡ್ರೆ... ನೀವು ಹೀಗೆ ನಿಲ್ಲಿಸ್ತಾ ಇದ್ರೆ... ನಾನು ಸಾಯ್ತೇನೆ."

ಗೌಡ್ರ ಮುಖ ಕಪ್ಪಿಟ್ಟಿತು. ಒಳಗಿಂದ ಬಂದ ಐಸಮ್ಮ, ಡಾಕ್ಟರಮ್ಮ ಹೇಳಿದ ಸಣ್ಣ ನಾಳಗಳ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿದರು. ಗೌಡ್ರು ಕೇಳಿಸಿಕೊಂಡು, ಕಾರಿನ ಬಾಗಿಲು ಮೆಲ್ಲಗೆ ಮುಚ್ಚಿ, ನೇರ ನಮ್ಮ ಸ್ಟ್ಯಾಂಡಿಗೆ ಬಂದು ಅದೇ ಕತೆಯನ್ನು ನಮಗೂ ಹೇಳಿದರು.

"ಇನ್ನು ಅವರನ್ನು ಯಾರು ಹತ್ತಿಸ್ತಾರೋ ಅವ್ರು ನನ್ನ ಹತ್ರ ಮಾತಾಡ್ಲಿಕ್ಕೆ ಇಲ್ಲ," ಎಂದರು.

ಆಮೇಲೆ ನಾವೆಲ್ಲ ಕಷ್ಟಪಟ್ಟು ನಿಲ್ಲಿಸದೆ ಹೋಗುವುದನ್ನು ಕಲಿತೆವು. ಕೆಲವರು ಬೇರೆ ಕಡೆ ಮುಖ ತಿರುಗಿಸಿ ಚರಂಡಿಗೆ ಬಿದ್ದರು. ಗೌಡ್ರಿಗೆ ಮಾತ್ರ ಕಂಡೂ ನಿಲ್ಲಿಸದೆ ಹೋಗುವ ಧೈರ್ಯ ಬರಲಿಲ್ಲ. ಅವರು ಆ ರಸ್ತೆಯನ್ನೇ ಬಿಟ್ಟು, ಬೆಳ್ಳಾರೆಗೆ ಸುತ್ತು ಬಳಸಿ ಹೋಗತೊಡಗಿದರು.

ಅಲಿಕುಂಞಾಕ ನಡೆದರು. ಮೊದಲು ಅಂಗಡಿಯವರೆಗೆ, ಮತ್ತೆ ಸೇತುವೆಯವರೆಗೆ. ಕಾಲು ಬೆಚ್ಚಗಾಗುತ್ತಿದೆ ಎಂದು ಐಸಮ್ಮ ಮುಟ್ಟಿ ನೋಡಿ ಹೇಳಿದರು. ಆದರೆ ಮಸೀದಿಯ ಏರು ಬಗ್ಗಲಿಲ್ಲ. ಅರ್ಧದಲ್ಲಿ ಒಂದು ಮೋರಿ ಇದೆ. ಅಲ್ಲಿಗೆ ಮುಟ್ಟಿದಾಗ ಆಸ್ಪತ್ರೆ ಸೇರಿದ ಆ ಎರಡು ರಾತ್ರಿಗಳು ನೆನಪಾಗಿ ಎದೆ ಡವಡವ ಎನ್ನುತ್ತಿತ್ತು. ಮೋರಿಯ ಕಟ್ಟೆಯ ಮೇಲೆ ಕೂತು, ಇಳಿದು ವಾಪಸು ಹೋಗುತ್ತಿದ್ದರು. ಆಕಾಶದಲ್ಲಿ ಮೋಡ ಕಟ್ಟಲು ಶುರುವಾಗಿತ್ತು.

ಆ ಶುಕ್ರವಾರ ನಾನು ಏರಿನ ತುದಿಯಲ್ಲಿ, ಮಸೀದಿಯ ಹತ್ತಿರ ರಿಕ್ಷಾ ನಿಲ್ಲಿಸಿಕೊಂಡಿದ್ದೆ. ಗೌಡ್ರ ಕಾರು ಮೇಲೆ ಬಂದು ಗಕ್ಕನೆ ನಿಂತಿತು. ಪೆರಾಬೆಯಲ್ಲಿ ನೆಂಟರ ಮದುವೆ, ಸುತ್ತು ಬಳಸಲು ಸಮಯವಿರಲಿಲ್ಲವಂತೆ. ಗೌಡ್ರು ಸ್ಟಿಯರಿಂಗ್ ಹಿಡಿದ ಕೈ ಬಿಡಲೊಲ್ಲರು.

"ಕೆಳಗೆ ಅಲಿಕುಂಞಾಕ ಇದ್ರು," ಎಂದು ಪಕ್ಕದಲ್ಲಿ ಕೂತಿದ್ದ ಪ್ರೇಮಾವತಿ ನನಗೆ ಹೇಳಿದರು. "ಇವ್ರು ನಿಲ್ಲಿಸ್ಲಿಲ್ಲ."

ಕೆಳಗೆ ನಡೆದದ್ದನ್ನು ಅಲಿಕುಂಞಾಕನೇ ಆಮೇಲೆ ಹೇಳಿದರು. ಗೌಡ್ರ ಕಾರು ಕಂಡು, ಬೇಡ ಎನ್ನಲು ಕೈ ಎತ್ತಿ ಸಿದ್ಧವಾಗಿ ನಿಂತರಂತೆ. ಕಾರು ನಿಧಾನವೂ ಆಗಲಿಲ್ಲ. ತಾವೇ ಬೇಡಿಕೊಂಡದ್ದು ನಿಜ. ಊರಿಡೀ ನಿಲ್ಲಿಸದೆ ಹೋದದ್ದನ್ನು ಸಹಿಸಿದ್ದೂ ನಿಜ. ಆದರೆ ಗೌಡ್ರು! ಅಲಿಕುಂಞಾಕನ ಮನಸ್ಸಿಗೆ ತಡೆಯಲಾರದಷ್ಟು ನೋವಾಯಿತು, ನೋವಿನ ಹಿಂದೆಯೇ ಸಿಟ್ಟು ಬಂತು. ಕೇಳಿಯೇ ಬಿಡುತ್ತೇನೆ ಎಂದು ಕಾರಿನ ಹಿಂದೆ ಹೊರಟರು.

ನಮಗೆ ಮೊದಲು ಕಂಡದ್ದು ಬಿಳಿ ಟೊಪ್ಪಿ, ಮತ್ತೆ ಸಿಟ್ಟಿನ ಮುಖ, ಕೊನೆಗೆ ಹಸಿರು ಶೂ. ನೇರ ಬಂದು ಕಾರಿನ ಬಾನೆಟ್ಟಿಗೆ ಕೈಯಲ್ಲಿ ಬಡಿದರು.

"ಎಂತ ಗೌಡ್ರೆ, ಬೇರೆ ಯಾರು ಬೇಕಾದ್ರೂ ಕಂಡೂ ಕಾಣದ ಹಾಗೆ ಹೋಗ್ಲಿ, ಇಷ್ಟು ವರ್ಷದ ಪರಿಚಯ ಇಟ್ಟುಕೊಂಡು ನೀವು ಒಂದು ಹಾರ್ನ್ ಸಹ ಹೊಡೀದೆ ದನ ದಾಟಿ ಹೋದ ಹಾಗೆ ನನ್ನನ್ನು ದಾಟಿ ಬರುದಾ?"

ಅಷ್ಟುದ್ದದ ವಾಕ್ಯದ ನಡುವೆ ಎಲ್ಲೂ ಸ್ಟಾಪು ಇರಲಿಲ್ಲ. ಗೌಡ್ರು ಕಾರಿನಿಂದ ಇಳಿದು ಬಂದು ಅಲಿಕುಂಞಾಕನ ಎರಡೂ ಕೈ ಹಿಡಿದುಕೊಂಡರು.

"ಇನ್ನೊಮ್ಮೆ ಬೈಯಿರಿ ಮಾರಾಯ್ರೆ," ಎಂದರು. "ಪ್ರೇಮಾ ಸರಿ ಕೇಳ್ಲಿಲ್ಲ."

ಬೈಯಲು ಬಾಯಿ ತೆರೆದ ಅಲಿಕುಂಞಾಕ ಒಮ್ಮೆ ಮಸೀದಿಯನ್ನು ನೋಡಿದರು, ಒಮ್ಮೆ ತಿರುಗಿ ಏರನ್ನು ನೋಡಿದರು. ಮತ್ತೆ ಅಲ್ಲೇ ರಸ್ತೆ ಬದಿಯಲ್ಲಿ ಕುಕ್ಕರಿಸಿ ಕೂತು, ಮುಂಡಿನ ತುದಿಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.