ನಾಲ್ಕರಿಂದ ಭಾಗಿಸಿದ ಲೆಕ್ಕ

ರಿಯಾಯಿತಿಯ ಲೆಕ್ಕ ಕಲಿಸುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಅಂಗಡಿಯವನು ಸೀರೆಯ ಬೆಲೆಯನ್ನು ಮೊದಲು ಶೇಕಡಾ ಇಪ್ಪತ್ತೈದು ಏರಿಸಿ ಬರೆಯುತ್ತಾನೆ, ಆಮೇಲೆ ಶೇಕಡಾ ಇಪ್ಪತ್ತು ಇಳಿಸುತ್ತಾನೆ. ಬಿಡಿಸಿ ನೋಡಿದರೆ ಸೀರೆಯ ಬೆಲೆ ಇದ್ದಲ್ಲೇ ಇದೆ. ಕೊಂಡವಳು ಮಾತ್ರ ಗೆದ್ದೆ ಎಂದುಕೊಂಡು ಚೀಲ ಹಿಡಿದು ಮನೆಗೆ ಹೋಗುತ್ತಾಳೆ. ಮುದ್ದೇಬಿಹಾಳದಲ್ಲಿ ನಾನು ಗಣಿತ ಕಲಿಸುವ ಶಾಲೆಯ ಮಕ್ಕಳು ಈ ಉತ್ತರ ಬಂದಾಗ ಕಿಸಕ್ಕನೆ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಇಂಥ ಲೆಕ್ಕಗಳೆಂದರೆ ಚಿಕ್ಕಂದಿನಲ್ಲಿ ನನಗೆ ಪ್ರಾಣ. ಹೊರ್ತಿಯ ನಮ್ಮ ಮನೆಯಲ್ಲಿ ನಾನೇ ಹಿರಿಯಳು, ನನ್ನ ಹಿಂದೆ ಮೂವರು ತಮ್ಮಂದಿರು. ಮೊದಲನೆಯ ತಮ್ಮನಿಗೆ ಅನುಪಾತವೆಂದರೆ ಚಳಿಜ್ವರ. ಆರು ಆಳು ಹತ್ತು ದಿನದಲ್ಲಿ ಮುಗಿಸುವ ಕೆಲಸವನ್ನು ಹನ್ನೆರಡು ಆಳು ಎಷ್ಟು ದಿನದಲ್ಲಿ ಮುಗಿಸುತ್ತಾರೆ ಎಂದರೆ ಇಪ್ಪತ್ತು ಎಂದು ಬರೆದು ಆರಾಮಾಗಿ ಆಡಲು ಹೋಗುತ್ತಿದ್ದ. ಮರುದಿನ ಗುರುಗಳ ಏಟು ತಿನ್ನುವುದನ್ನು ನೋಡಲಾರದೆ ಅವನ ಲೆಕ್ಕವನ್ನೂ ನಾನೇ ಮಾಡಿಡುತ್ತಿದ್ದೆ. ಅವನು ಹತ್ತನೆಯ ತರಗತಿ ದಾಟಿದ್ದು ಹೇಗೆ ಎಂಬುದು ನನಗೂ ಅವನಿಗೂ ಗೊತ್ತು.

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಅದೇ ತಮ್ಮ ಫೋನ್ ಮಾಡಿದ.

"ಅಕ್ಕಾ, ಹೊಲಾ ಹಂಚಿಕೋಬೇಕು ಅಂತ ಮಾಡೇವಿ. ನೀನ ಬಂದು ಲೆಕ್ಕಾ ಮಾಡಿಕೊಡು. ನಿನ್ನ ಲೆಕ್ಕ ಅಂದ್ರ ಯಾರೂ ತಕರಾರ ತಗ್ಯೂದಿಲ್ಲ."

ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಭಾನುವಾರ ಮೊದಲ ಬಸ್ಸಿಗೇ ಹೊರಟೆ.

ನಮ್ಮದು ಎಂಟು ಎಕರೆ ನಿಂಬೆ ತೋಟ, ಇಪ್ಪತ್ನಾಲ್ಕು ಎಕರೆ ಮಡ್ಡಿ. ಮಡ್ಡಿ ಎಂದರೆ ಕಲ್ಲುಭೂಮಿ, ಮಳೆ ಬಿದ್ದರೆ ಬೆಳೆ. ತೋಟದ ಎಕರೆಯನ್ನೂ ಮಡ್ಡಿಯ ಎಕರೆಯನ್ನೂ ಒಂದೇ ಎಂದು ಹಂಚಿದರೆ ಅನ್ಯಾಯವಾಗುತ್ತದೆ. ಒಂದು ಎಕರೆ ತೋಟಕ್ಕೆ ಮೂರು ಎಕರೆ ಮಡ್ಡಿ ಸಮ ಎಂದು ತಮ್ಮಂದಿರನ್ನೆಲ್ಲ ಒಪ್ಪಿಸಿದೆ. ಹಾಗೆ ನೋಡಿದರೆ ತೋಟವೇ ಇಪ್ಪತ್ನಾಲ್ಕಾಯಿತು, ಮಡ್ಡಿ ಇಪ್ಪತ್ನಾಲ್ಕು, ಒಟ್ಟು ನಲವತ್ತೆಂಟು. ಪಡಸಾಲೆಯಲ್ಲಿ ಎಲ್ಲರೂ ನನ್ನ ಸುತ್ತ ಕೂತಿದ್ದರು. ಅವ್ವ ತನಗೆ ಪಾಲು ಬೇಡ ಎಂದು ಮೊದಲೇ ಹೇಳಿದ್ದಳು. ನಾಲ್ಕರಿಂದ ಭಾಗಿಸಿ ಹನ್ನೆರಡು ಎಂದು ಬರೆದೆ.

ಮೊದಲನೆಯ ತಮ್ಮ ಹಾಳೆಯ ಮೇಲೆ ಬಗ್ಗಿದ. "ಲೆಕ್ಕ ತಪ್ಪೇತಲ್ಲ ಅಕ್ಕಾ. ಹದಿನಾರು ಬರಬೇಕು."

ಜನ್ಮದಲ್ಲಿ ಒಂದು ಅನುಪಾತದ ಲೆಕ್ಕ ಬಿಡಿಸಲಾಗದವನು! ಕಣ್ಣು ಮಿಟುಕಿಸುವುದರೊಳಗೆ ಬಾಯಲ್ಲೇ ಭಾಗಾಕಾರ ಮಾಡಿದ್ದ.

"ನಾಕು ಯಾಕ ಹಾಕಿದಿ? ನಾವು ಮೂರ ಮಂದಿ ಅದೇವಿ," ಎಂದ. ಅವನ ದನಿಯಲ್ಲಿ ಮೋಸವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಉರಿಸಿದ್ದು. ಅವನಿಗೆ ನಿಜವಾಗಿಯೂ ನಾನು ಎಲ್ಲೋ ಲೆಕ್ಕ ತಪ್ಪಿದ್ದೇನೆ ಎಂದೇ ಅನಿಸಿತ್ತು.

"ನಾ ಒಬ್ಬಾಕಿ ಅದೇನಲ್ಲೋ," ಎಂದೆ. ಮೂವರೂ ಅವ್ವನ ಕಡೆ ತಿರುಗಿದರು. ಕೊನೆಗೆ ಅವ್ವನೇ ಬಾಯಿ ತೆರೆದಳು.

"ನಿನಗ ಸರಕಾರಿ ನೌಕರಿ ಐತಿ, ಗಂಡನ ಮನ್ಯಾಗ ಹೊಲ ಐತಿ. ತಮ್ಮಂದಿರ ಬಾಯಾಗಿಂದು ಕಸಗೊಂತಿಯೇನ ನಮ್ಮವ್ವಾ?"

ಕಾನೂನು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು, ಇಲ್ಲದಿದ್ದರೆ ನನ್ನ ಸಹಿಯ ಮಾತು ಬರುತ್ತಲೇ ಇರಲಿಲ್ಲ. ಮುಂದಿನ ಸೋಮವಾರ ಇಂಡಿ ಪಟ್ಟಣದ ನೋಂದಣಿ ಕಚೇರಿಗೆ ಬಂದು ಹಕ್ಕು ಬಿಟ್ಟುಕೊಡಬೇಕಂತೆ. ಒಂದು ರೇಷ್ಮೆ ಸೀರೆ, ಎರಡು ತೊಲೆ ಬಂಗಾರ ಹಾಕಿ ಉಡಿ ತುಂಬುತ್ತೇವೆ ಎಂದರು ಕಿರಿಯರಿಬ್ಬರು, ದೊಡ್ಡ ಮನಸ್ಸಿನಿಂದ. ಇವರಿಗಿಂತ ಆ ಅಂಗಡಿಯವನೇ ವಾಸಿ. ಅವನು ಬೆಲೆಯನ್ನಾದರೂ ಕಾಣುವಂತೆ ಬರೆದಿರುತ್ತಾನೆ. ಊಟಕ್ಕೆ ನಿಲ್ಲದೆ ಬಂದುಬಿಟ್ಟೆ. ಸಿಂದಗಿ ದಾಟುವವರೆಗೆ ಸಹಿ ಹಾಕುವುದಿಲ್ಲ, ಹಾಕುವುದಿಲ್ಲ ಎಂದೇ ಅಂದುಕೊಳ್ಳುತ್ತಿದ್ದೆ.

ಶನಿವಾರ ತರಗತಿಯಲ್ಲಿ ಪುಸ್ತಕ ಮುಚ್ಚಿಸಿ ಹಲಗೆಯ ಮೇಲೆ ನನ್ನದೇ ಒಂದು ಲೆಕ್ಕ ಬರೆದೆ. ರೈತನೊಬ್ಬನಿಗೆ ಹನ್ನೆರಡು ಎಕರೆ ಹೊಲ, ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು? ಸಾಲುಗಳ ನಡುವೆ ನಡೆದು ನೋಡಿದೆ. ಹುಡುಗರು ನಾಲ್ಕು ಎಂದು ಬರೆದಿದ್ದರು. ಹುಡುಗಿಯರೂ ಬಹಳಷ್ಟು ಜನ ನಾಲ್ಕೇ ಬರೆದಿದ್ದರು. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದವಳು, ಹೂವಿನ ಹಿಪ್ಪರಗಿಯಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುವ ಹುಡುಗಿ, ಮೂರು ಎಂದು ಬರೆದು ಅದನ್ನೇ ನೋಡುತ್ತ ಕೂತಿದ್ದಳು. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು.

"ಸರಿ ಐತಿ," ಎಂದೆ. "ಮತ್ಯಾಕ ಸುಮ್ನ ಕುಂತಿ?"

ಅವಳು ಎದ್ದು ನಿಂತಳು. "ಟೀಚರ್, ಆಕಿ ಆ ಮೂರು ಎಕರೆ ತಗೊಂಡ್ರ, ಆಮ್ಯಾಲ ಅಣ್ತಮ್ಮಂದಿರು ಆಕಿನ್ನ ನಾಗರಪಂಚಮಿಗೆ ತವರಮನಿಗೆ ಕರ್ಯಾಕ ಬರ್ತಾರೇನ್ರಿ?"

ಯಾರೂ ನಗಲಿಲ್ಲ. ಹದಿಮೂರು ವರ್ಷದ ಆ ಮಕ್ಕಳೆಲ್ಲ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಇಡೀ ವಾರ ನಾನು ನನ್ನನ್ನೇ ಕೇಳಿಕೊಳ್ಳಲು ಹೆದರಿದ್ದ ಪ್ರಶ್ನೆ ಅದು. ಗಂಟೆ ಹೊಡೆಯಿತು, ಬಚಾವಾದೆ.

ಸೋಮವಾರ ಇಂಡಿಗೆ ಹೋದೆ. ಕಚೇರಿಯಲ್ಲಿ ಕ್ಯಾಮೆರಾದ ಮುಂದೆ ಕೂರಿಸಿ ಫೋಟೊ ತೆಗೆದರು, ಹೆಬ್ಬೆರಳು ಒತ್ತಿಸಿಕೊಂಡರು. "ಸ್ವಂತ ಮನಸಿಂದ ಬಿಟ್ಟಕೊಡಾಕತ್ತೀರೇನ್ರಿ?" ಎಂದು ಅಧಿಕಾರಿ ಕೇಳಿದರು. ಹೌದ್ರಿ ಎಂದೆ. ಅವ್ವ ಹೊರಗೆ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಸಂತೋಷಕ್ಕೋ ಸಂಕಟಕ್ಕೋ, ನಾನು ಕೇಳಲಿಲ್ಲ.

ಆ ವರ್ಷ ನನ್ನನ್ನು ಪಂಚಮಿಗೆ ಕರೆಯಲು ಮೂವರು ತಮ್ಮಂದಿರೂ ಒಂದೇ ಗಾಡಿಯಲ್ಲಿ ಮುದ್ದೇಬಿಹಾಳಕ್ಕೆ ಬಂದರು. ನನ್ನ ಮದುವೆಯಾದಾಗಿನಿಂದ ಮೂವರೂ ಕೂಡಿ ಬಂದದ್ದು ಅದೇ ಮೊದಲು.