ಇನ್ನೊಂದು ಹಾರ್ಡ್ ಡಿಸ್ಕ್

ಮುಳಬಾಗಿಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಮುನಿಯಲ್ಲಪ್ಪನವರು ಹೊಸ ಕಂಪ್ಯೂಟರ್ ಕೊಳ್ಳಲು ಕೋಲಾರದ ಬಸ್ಸು ಹತ್ತಿದರೆಂದರೆ ಮಗಳಿಗೆ ಗಂಡು ನೋಡಲು ಹೊರಟವರ ಹಾಗೆ ಕಾಣುತ್ತಾರೆ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕರವಸ್ತ್ರ ಸುತ್ತಿದ ಪೆನ್‌ಡ್ರೈವ್, ಮುಖದ ತುಂಬ ಅನುಮಾನ. ಅಂಗಡಿಯ ಉಮಾಶಂಕರ್ ರ‍್ಯಾಮು, ಪ್ರೊಸೆಸರು ಎಂದು ಶುರುಮಾಡಿದರೆ, "ಅದೆಲ್ಲ ಆಮೇಲೆ ಹೇಳಪ್ಪ, ಮೊದ್ಲು ಬೊಮ್ಮ ತೋರ್ಸು, ಫೋಟೋ ಹೆಂಗ್ ಕಾಣ್ತದೋ ನೋಡಾಣ" ಎಂದು ಪೆನ್‌ಡ್ರೈವ್ ಚಾಚುತ್ತಾರೆ. ಅದರಲ್ಲಿರುವುದು ಒಂದೇ ಹಳೆಯ ಫೋಟೋ, ದೇವರಾಯಸಮುದ್ರದ ಕೆರೆ ಏರಿಯ ಮೇಲೆ ನಿಂತ ಒಬ್ಬ ಹೆಂಗಸು. ಅಂಗಡಿಯ ಪ್ರತಿ ಮಾನಿಟರಿನಲ್ಲೂ ಅದನ್ನೇ ಹಾಕಿಸಿ, ಎಡದಿಂದ ಬಲದಿಂದ ಬಗ್ಗಿ, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡುತ್ತಾರೆ. ಫೋಟೋ ತಟ್ಟನೆ ತೆರೆದರೂ ಅವರಿಗೆ ಸಮಾಧಾನವಿಲ್ಲ. "ಡಾರ್ಕ್‌ರೂಮಲ್ಲಿ ಪೇಪರ್ ಕೆಮಿಕಲ್‌ಗೆ ಹಾಕಿ ಕಾಯ್ತಿದ್ವಿ ಕಣಪ್ಪ, ಮುಖ ನಿಧಾನಕ್ಕೆ ಬರೋದು. ಅದ್ರ ರುಚಿನೇ ಬೇರೆ." ಕೊನೆಗೆ ಮಾತು ಹಾರ್ಡ್ ಡಿಸ್ಕಿಗೆ ಬರುತ್ತದೆ. ನಾಲ್ಕು ತಾಲ್ಲೂಕಿನ ಮದುವೆಗಳೆಲ್ಲ ಹಿಡಿಸುತ್ತವೆಂದು ಉಮಾಶಂಕರ್ ಎಷ್ಟು ಹೇಳಿದರೂ, "ಜಾಗ ಸಾಲ್ದು, ಇನ್ನೊಂದು ಹಾಕು" ಎನ್ನುವುದೇ ಅವರ ಪಲ್ಲವಿ. ಗಿರಾಕಿಗಳು ಕಣ್ಣು ಮುಚ್ಚಿದ, ಆಕಳಿಸಿದ, ಅರ್ಧ ತಲೆ ಹೋದ ಫೋಟೋವನ್ನೂ ಅವರು ಅಳಿಸಿದವರಲ್ಲ. ಈ ಸಲ ಉಮಾಶಂಕರ್ ತಡೆಯಲಾರದೆ, "ಅಣ್ಣ, ಯಾವ ಮಾನಿಟರ್ ತಗೊಂಡ್ರೂ ಈ ಮುಖ ಇಷ್ಟೇ. ಫೋಟೋ ತೆಗಿಯೋವಾಗ ಅವ್ರು ಅಲ್ಲಾಡ್ಬಿಟ್ಟವ್ರೆ" ಎಂದ. ಮುನಿಯಲ್ಲಪ್ಪನವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಪ್ಪ, ತೆಗ್ದೋನು ನಾನೇ. ಇರೋದೂ ಇದೊಂದೇ. 'ಅಲ್ಲಾಡ್ಬಿಟ್ಟೆ ಕಣೋ, ಇನ್ನೊಂದು ತೆಗಿ' ಅಂದ್ಲು ನಮ್ಮಮ್ಮ. ರೀಲಲ್ಲಿ ಒಂದೇ ಉಳ್ದಿತ್ತು. ಗಿರಾಕಿಗೆ ಇರ್ಲಿ ಅಂತ ತೆಗೀಲಿಲ್ಲ."